ಖಾಲಿ ದೋಣಿಗೊಂದು ಶಾಂತಿಗೀತೆ

"ಅಯ್ಯೋ ಅತ್ತೆ! ಏನ್ ಮಾಡ್ತಿದ್ದೀರಿ... ಅದು ಮಾವ ಬರೆದಿದ್ದು!"

ಕೈಚೀಲವನ್ನು ಬಾಗಿಲಲ್ಲೇ ಬಿಸುಟು ಸೊಸೆ ಬಚ್ಚಲಿಗೆ ಓಡಿದಳು. ಅಷ್ಟರಲ್ಲಿ ಎಲ್ಲ ಮುಗಿದೇ ಹೋಗಿತ್ತು. ಬಟ್ಟೆ ನೆನೆಹಾಕುವ ಬಕೆಟ್ಟಿನಲ್ಲಿ, ಸೋಪಿನ ನೊರೆಯ ಕೆಳಗೆ, ಇಪ್ಪತ್ತಾರು ಹಾಳೆಗಳು ಮುಳುಗಿದ್ದವು. ಮಾವ ಇಂದಿಗೂ ಶಾಯಿ ಪೆನ್ನಿನಲ್ಲೇ ಸ್ವರ ಬರೆಯುವವರು. ಎಂಟು ತಿಂಗಳಿಂದ ಕೂಡಿಸಿದ್ದ ಸ್ವರಗಳೆಲ್ಲ ಬಣ್ಣ ಬಿಟ್ಟು ನೊರೆಯೂ ನೀಲಿಯಾಗಿತ್ತು. ಅತ್ತೆ ತೋಳು ಮಡಚಿಕೊಂಡು ಒಂದೊಂದೇ ಹಾಳೆ ಎತ್ತಿ ಉಜ್ಜುತ್ತಿದ್ದರು. ಆಸ್ಪತ್ರೆಯ ಚಾದರದ ಮೇಲಿನ ಕಲೆ ತೆಗೆಯುವವರ ಹಾಗೆ, ಅವಸರವಿಲ್ಲದೆ, ಅಚ್ಚುಕಟ್ಟಾಗಿ.

"ನೂರು ಸಲ ಹೇಳಿದೆ ಇವರಿಗೆ," ಅತ್ತೆ ತಲೆ ಎತ್ತಲಿಲ್ಲ. "ಈ ಮನೇಲಿ ಯಾರೂ ಸತ್ತಿಲ್ಲ, ಸಾವಿನ ಹಾಡು ಬರೀಬೇಡಿ ಅಂತ. ಕೇಳಿದ್ರಾ? ಬೀರು ಹಿಂದೆ ಬಚ್ಚಿಟ್ಟುಕೊಂಡು ಬರೀತಾರೆ! ಹೆತ್ತ ಅಪ್ಪನೇ... ಬದುಕಿರೋ ಮಗನಿಗೆ..."

"ಅತ್ತೆ, ಬಿಡಿ. ದಮ್ಮಯ್ಯ, ಇದೊಂದಾದರೂ ಉಳೀಲಿ..."

"ಮುಟ್ಟಬೇಡ ನೀನು! ಇದನ್ನ ಬರೆಸ್ತಿರೋಳೇ ನೀನು. ನಿನ್ನ ಸಿನಿಮಾಗೆ ಬೇಕಲ್ವಾ ಅವನ ಸಾವು? ಬೇಕಲ್ವಾ? ಹೇಳು!"

ಸೊಸೆಯ ಕೈಗೆ ಬಂದ ಹಾಳೆ ಬೆರಳಲ್ಲೇ ಹರಿದು ಮುದ್ದೆಯಾಯಿತು. ಹಜಾರದಿಂದ ಮಾವನ ಧ್ವನಿ ಬಂತು. ಅವರು ಕುರ್ಚಿ ಬಿಟ್ಟು ಎದ್ದಿರಲೇ ಇಲ್ಲ.

"ಬಿಡಮ್ಮಾ. ಉಜ್ಜಲಿ. ಅವಳಿಗೂ ಕೈಗೊಂದು ಕೆಲಸ ಬೇಕು."

ಆ ಮನೆ ಯಾವತ್ತೂ ಹೀಗಿರಲಿಲ್ಲ. ಮಾವ ಮೂವತ್ತು ವರ್ಷ ಶಾಲೆಯಲ್ಲಿ ಸಂಗೀತ ಕಲಿಸಿದವರು. ಊರಿನ ಗಾಯಕರನ್ನು ಕೂಡಿಸಿ ಮೇಳ ಕಟ್ಟಿದವರು. ಎಲ್ಲರಿಗೂ ಅವರು ಮೇಷ್ಟ್ರು. ಅತ್ತೆ ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅವರು ವಾರ್ಡಿಗೆ ಬಂದರೆ ಡಾಕ್ಟರುಗಳೇ ಕೈ ಜೇಬಿನಿಂದ ತೆಗೆಯುತ್ತಿದ್ದರಂತೆ. ಒಬ್ಬನೇ ಮಗ ಸಿನಿಮಾ ಕ್ಯಾಮೆರಾಮನ್. ಅವನು ಕಟ್ಟಿಕೊಂಡವಳು ಸಂಕಲನದ ಕೆಲಸದವಳು. ಅವನು ತೆಗೆದದ್ದನ್ನು ಕತ್ತರಿಸಿ ಜೋಡಿಸುವವಳು. "ನಾನು ಬೆವರು ಸುರಿಸಿ ತೆಗೀತೀನಿ, ಇವಳು ನಗುನಗ್ತಾ ಕತ್ತರಿಸ್ತಾಳೆ" ಎಂದು ಅವನು ಅವಳಿಗೆ ಕತ್ತರಿ ಎಂದೇ ಹೆಸರಿಟ್ಟಿದ್ದ. ಮೇಷ್ಟ್ರಿಗೂ ಆ ಹೆಸರೇ ರೂಢಿಯಾಗಿತ್ತು. ಅತ್ತೆ ಮಾತ್ರ ಮದುವೆಯಾಗಿ ಆರು ವರ್ಷವಾದರೂ ಅವಳನ್ನು ಏನೆಂದೂ ಕರೆದಿರಲಿಲ್ಲ. "ಏ", "ನೋಡಿಲ್ಲಿ", ಇಲ್ಲವೇ ಬರೀ ಒಂದು ಕೆಮ್ಮು.

ಅಪ್ಪ, ಮಗ, ಸೊಸೆ ಮೂವರೂ ಕೂಡಿ ಕೆಲಸ ಮಾಡುವ ಚಿತ್ರವೊಂದು ಸಿಕ್ಕಿದಾಗ ಆ ಮನೆಯಲ್ಲಿ ಸಂಭ್ರಮವೋ ಸಂಭ್ರಮ! ಮುದುಕ ಅಂಬಿಗನೊಬ್ಬನ ಕಥೆ ಅದು. ಕೊನೆಯಲ್ಲಿ ಅಂಬಿಗ ಸಾಯುತ್ತಾನೆ. ಅವನ ದೋಣಿಯನ್ನು ಜನ ಖಾಲಿಯಾಗಿ ಕಡಲಿಗೆ ಬಿಡುತ್ತಾರೆ. ಆ ದೃಶ್ಯಕ್ಕೆ ಒಂದು ರಿಕ್ವಿಯಂ ಬೇಕು ಎಂದಿದ್ದರು ನಿರ್ದೇಶಕರು. ಅಗಲಿದವರಿಗೆ ಶಾಂತಿ ಸಿಗಲೆಂದು ಹತ್ತಾರು ಕಂಠಗಳು ಕೂಡಿ ಹಾಡುವ ಗೀತೆ ಅದು. ಮೇಷ್ಟ್ರು ಹುರುಪಿನಿಂದ ಪಿಯಾನೋ ಮುಂದೆ ಕುಳಿತರು. "ಅಪ್ಪನ ಹಾಡಿಗೆ ಮಗನ ಚಿತ್ರ. ಮಧ್ಯೆ ಕತ್ತರಿ ಆಡಿಸೋಕೆ ಸೊಸೆ. ಇನ್ನು ನನ್ನ ಕಥೆ ಕೇಳೋರ್ಯಾರು!" ಎಂದು ನಗುತ್ತಿದ್ದರು.

ಚಿತ್ರೀಕರಣ ಮುಗಿದ ಮೇಲೆ ಒಂದು ಭಾನುವಾರ ಬೆಳಗ್ಗೆ ಮಗ ಒಬ್ಬನೇ ಕ್ಯಾಮೆರಾ ತೆಗೆದುಕೊಂಡು ಅಳಿವೆಗೆ ಹೋದ. ಹೊಳೆ ಕಡಲಿಗೆ ಸೇರುವ ಆ ಜಾಗಕ್ಕೆ. ದೋಣಿ ಕಟ್ಟುವ ದಕ್ಕೆಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಚಾಲೂ ಮಾಡಿ, ತಾನೇ ದೋಣಿ ಹತ್ತಿದ. ಸ್ವಲ್ಪ ದೂರ ಹುಟ್ಟು ಹಾಕಿಕೊಂಡು ಹೋಗಿ, ದೋಣಿ ಖಾಲಿ ಕಾಣಲೆಂದು ಅದರೊಳಗೇ ಅಂಗಾತ ಮಲಗಿದ. ದೋಣಿ ತೇಲುತ್ತ ತೇಲುತ್ತ ಚೌಕಟ್ಟಿನಾಚೆ ಹೋಯಿತು. ಕ್ಯಾಮೆರಾ ಬರೀ ನೀರನ್ನು ತೆಗೆಯುತ್ತ ಗಂಟೆಗಟ್ಟಲೆ ಓಡುತ್ತಲೇ ಇತ್ತು... ಮರುದಿನ ದೋಣಿ ಮಗುಚಿಕೊಂಡು ಸಿಕ್ಕಿತು. ಅವನು ಸಿಗಲಿಲ್ಲ. ಒಂಬತ್ತು ದಿನ ಹುಡುಕಿದವರು ಹತ್ತನೆಯ ದಿನ ಬಲೆ ಮಡಚಿಕೊಂಡು ಹೋದರು.

ಅತ್ತೆ ಮಾತ್ರ ಒಂದು ಹನಿ ಕಣ್ಣೀರು ಹಾಕಲಿಲ್ಲ. "ನಾಡಿ ಹಿಡಿದು ನೋಡದೆ ನಾನು ಯಾವತ್ತೂ ಯಾರನ್ನೂ ಸತ್ತರು ಅಂತ ಬರೆದವಳಲ್ಲ," ಎಂದುಬಿಟ್ಟರು. ದಿನಾ ಬೆಳಗ್ಗೆ ಒಂಬತ್ತಕ್ಕೆ ಫೋನ್ ಹಿಡಿದು ಕೂರುವರು. ಕರಾವಳಿಯ ಆಸ್ಪತ್ರೆಗಳ ನಂಬರುಗಳೆಲ್ಲ ಬಾಯಿಪಾಠ. "ಸಿಸ್ಟರ್ ಮಾತಾಡ್ತಿರೋದು. ನಿಮ್ಮಲ್ಲಿ ಹೆಸರು ಗೊತ್ತಿಲ್ಲದ ಗಂಡಸು ಪೇಷೆಂಟ್ ಇದ್ದಾರಾ? ಮೂವತ್ನಾಲ್ಕು ವರ್ಷ. ಎಡ ಹುಬ್ಬಿನ ಮೇಲೆ ಹೊಲಿಗೆ ಗುರುತು. ಇಲ್ವಾ? ಸರಿ, ನಾಳೆ ಮಾಡ್ತೀನಿ." ಎಂಟು ತಿಂಗಳು! ಒಂದು ದಿನವೂ ತಪ್ಪಿರಲಿಲ್ಲ.

ಆದರೆ ಆ ಭಾನುವಾರ ಅವನು ಯಾಕೆ ಹೋದ? ಅದು ಮಾತ್ರ ಈ ಮನೆಯಲ್ಲಿ ಒಬ್ಬಳಿಗೇ ಗೊತ್ತಿತ್ತು. ಮೊದಲು ತೆಗೆದಿದ್ದ ದೃಶ್ಯದಲ್ಲಿ ದೋಣಿಗೆ ಕಟ್ಟಿದ್ದ ಹಗ್ಗ ಕಾಣುತ್ತಿತ್ತು. ಸೆಳವು ಜೋರಿದ್ದ ಜಾಗ, ಎಚ್ಚರಿಕೆಗೆಂದು ಕಟ್ಟಿದ್ದ ಹಗ್ಗ. "ಹಗ್ಗ ಕಾಣುತ್ತೆ ಕಣೋ. ಕಟ್ಟಿಹಾಕಿದ ದೋಣಿ ಅಂತ ಗೊತ್ತಾಗಿಬಿಡುತ್ತೆ. ನನಗೆ ಬಿಚ್ಚಿದ ದೋಣಿ ಬೇಕು," ಎಂದವಳು ಅವಳೇ. ಅವನು ನಕ್ಕು, "ಆಯ್ತು ತಾಯೀ, ಬಿಚ್ಚಿದ ದೋಣಿ ತಂದುಕೊಡ್ತೀನಿ," ಎಂದಿದ್ದ.

ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅನ್ನದ ಜೊತೆ ನುಂಗಿದಳು, ನೀರಿನ ಜೊತೆ ನುಂಗಿದಳು.

ಹಾಳೆಗಳು ನೀರುಪಾಲಾದ ಮರುದಿನ ನಿರ್ದೇಶಕರ ಫೋನ್ ಬಂತು. "ಸಿನಿಮಾ ಮುಗಿಸಿ ಕೊಡೋಕೆ ಇನ್ನು ಹನ್ನೆರಡು ದಿನ ಇದೆಯಮ್ಮ. ಆ ಶಾಟ್ ಹಾಕೋದೋ ಬಿಡೋದೋ ನೀನೇ ಹೇಳು. ನಾನು ಬಲವಂತ ಮಾಡೋನಲ್ಲ." ಯೋಚಿಸಿ ಹೇಳ್ತೀನಿ ಎಂದು ಅವಳು ಫೋನ್ ಇಟ್ಟಳು. ಒಂದೇ ಒಂದು ಸಲ ಅವಳು ಆ ನಾಲ್ಕು ನಿಮಿಷದ ತುಣುಕಿನ ಕೆಳಗೆ, ಮಾವ ಪಿಯಾನೋ ನುಡಿಸುತ್ತ ಮೊಬೈಲಿನಲ್ಲಿ ಗುನುಗಿ ಕಳಿಸಿದ್ದ ಧಾಟಿಯನ್ನು ಇಟ್ಟು ನೋಡಿದ್ದಳು. ಬರೀ ಚಿತ್ರ ನೋಡಿದರೆ ಅವನು ಯಾವಾಗಿನ ಹಾಗೆ ಚೇಷ್ಟೆಯವನು, ಕೈ ಬೀಸಿ ಏನೋ ಅಂದು ನಗುವವನು. ಹಾಡು ಇಟ್ಟ ಕೂಡಲೇ ಅದೇ ಕೈ... ಅದೇ ನಗು... ಅಯ್ಯೋ! ಒಂದು ಚೌಕಟ್ಟೂ ಬದಲಾಗಿರಲಿಲ್ಲ, ಆದರೂ ಅವನು ಹೊರಟುಹೋಗುತ್ತಿದ್ದ. ಬಿಸಿಲೇ ಬೇರೆಯಾಗಿ ಕಂಡಿತ್ತು. ಅವಳು ಹೆಡ್‌ಫೋನ್ ಕಿತ್ತೆಸೆದು ಕೋಣೆಯಿಂದ ಹೊರಗೆ ಓಡಿದ್ದಳು.

ಅಂದು ಸಂಜೆ ಮೇಷ್ಟ್ರು ಅವಳನ್ನು ಹತ್ತಿರ ಕರೆದರು. ಅವರ ಬಲಗೈ ಈಚೆಗೆ ನಡುಗುತ್ತಿತ್ತು, ಪೆನ್ನು ನಿಲ್ಲುತ್ತಿರಲಿಲ್ಲ.

"ಕತ್ತರೀ, ನಾನು ಹಾಡ್ತೀನಿ. ನೀನು ಬರ್ಕೋತೀಯಾ?"

"ಮಾವ, ಬೇಡ. ಅತ್ತೆ ಮತ್ತೆ..."

"ಬರ್ಕೋಮ್ಮ. ನೆನಪಿರೋವಾಗಲೇ ಬರ್ಕೋ. ಹೂಳೋಕೆ ಅವನು ಸಿಗಲಿಲ್ಲ, ಸುಡೋಕೆ ಸಿಗಲಿಲ್ಲ. ಹೆಗಲು ಕೊಡೋ ಭಾಗ್ಯವೂ ನನಗಿಲ್ಲ. ಅವನಿಗೆ ಕೊಡೋಕೆ ನನ್ನ ಹತ್ರ ಇನ್ನೇನಿದೆ ಹೇಳು? ಇದೊಂದು ಹಾಡು..." ಮೇಷ್ಟ್ರು ಖಾಲಿ ಹಾಳೆಗಳನ್ನು ಅವಳ ಕಡೆ ಸರಿಸಿದರು. "ಅವನು ತೆಗೆದ ಕೊನೇ ಚಿತ್ರವನ್ನ ಪೆಟ್ಟಿಗೇಲಿ ಹಾಕಿ ಮುಚ್ಚಿಬಿಟ್ರೆ ಅವನ ಕೆಲಸ ಅರ್ಧಕ್ಕೇ ನಿಂತ ಹಾಗಲ್ವೇನಮ್ಮಾ?"

ಅವರು ಹಾಡಿದರು, ಅವಳು ಬರೆದಳು. *ದಡ ಕಾಣದವರಿಗೆ ದಡವಾಗು, ಹಾದಿ ತಪ್ಪಿದವರಿಗೆ ಹಾದಿಯಾಗು...* ಬರೆಯುತ್ತ ಬರೆಯುತ್ತ ಕಾಗದ ಕಣ್ಣಿಗೆ ಮಸುಕಾಯಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಅತ್ತೆ ಬಾಗಿಲ ಪಕ್ಕ ನಿಂತು ಕೇಳುತ್ತಿದ್ದಾರೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಅತ್ತೆ ಈ ಸಲ ಒಳಗೆ ಬಂದು ಕಿತ್ತುಕೊಳ್ಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ, ಸ್ಟುಡಿಯೋದಲ್ಲಿ ಅವಳು ಕೆಲಸ ಮಾಡುವ ಕೋಣೆಯ ಬಾಗಿಲು ತಳ್ಳಿಕೊಂಡು ಅತ್ತೆ ಬಂದು ನಿಂತರು! ಆರು ವರ್ಷದಲ್ಲಿ ಒಂದು ದಿನವೂ ಅಲ್ಲಿಗೆ ಕಾಲಿಟ್ಟವರಲ್ಲ. ಗೋಡೆಗೆ ಕಪ್ಪು ಬಟ್ಟೆ, ಎರಡು ಪರದೆ, ತಣ್ಣಗೆ ಕೊರೆಯುವ ಎ.ಸಿ. ಅತ್ತೆ ಸುತ್ತ ನೋಡಿ ಸೆರಗು ಹೊದ್ದುಕೊಂಡರು.

"ತೋರಿಸು," ಎಂದರು. "ನೀವೆಲ್ಲ ನೋಡಿದ್ದೀರಿ. ಹೆತ್ತವಳು ನಾನೊಬ್ಬಳೇ ನೋಡಿಲ್ಲ."

ಅವಳು ಬೇಡವೆನ್ನಲಿಲ್ಲ. ಕುರ್ಚಿ ಎಳೆದುಕೊಟ್ಟು, ಕ್ಯಾಮೆರಾ ಧ್ವನಿ ಹಿಡಿದಿರದ ಆ ತುಣುಕನ್ನು ಓಡಿಸಿದಳು. ಪರದೆಯ ತುಂಬ ಬೆಳಗಿನ ನೀರು. ಮಡಚಿದ ಪ್ಯಾಂಟಿನಲ್ಲಿ ಅವನು ದೋಣಿ ತಳ್ಳಿದ, ಹತ್ತಿದ, ಹಿಂದಿರುಗಿ ಕ್ಯಾಮೆರಾ ಕಡೆ ನೋಡಿ ಕೈ ಬೀಸಿದ. ತುಟಿ ಅಲ್ಲಾಡಿತು.

"ನಿಲ್ಲಿಸು! ಏನಂದ? ಏನೋ ಅಂದನಲ್ಲ... ಹಿಂದೆ ಹಾಕು!"

ಹಿಂದೆ ಹಾಕಿದಳು. ಮತ್ತೆ ಹಾಕಿದಳು. ನಾಲ್ಕನೆಯ ಸಲಕ್ಕೆ ಅತ್ತೆ ಕುರ್ಚಿಯಿಂದ ಎದ್ದೇ ಬಿಟ್ಟರು. ಅವರ ಮುಖದಲ್ಲಿ ಅಂಥ ಬೆಳಕನ್ನು ಅವಳು ಎಂದೂ ಕಂಡಿರಲಿಲ್ಲ.

"ಬರ್ತೀನಿ! ಬರ್ತೀನಿ ಅಂದ! ನೋಡು, ನೋಡು, ಬಾಯಿ ನೋಡು ಅವನದು... 'ಬರ್ತೀನಿ' ಅಂತಿದ್ದಾನೆ! ನಾನು ಹೇಳ್ಲಿಲ್ವಾ? ಬರ್ತೀನಿ ಅಂದವನಿಗೆ ಹಾಡು ಹಾಕ್ತೀರಾ ನೀವು, ಪಾಪಿಗಳಾ!"

ಹೌದು, ಅದೇ ಮಾತು. ಮನೆಯಿಂದ ಹೊರಡುವಾಗಲೆಲ್ಲ ಹೊಸ್ತಿಲಲ್ಲಿ ನಿಂತು ಅವನು ಹೇಳುತ್ತಿದ್ದದ್ದೇ ಅದು. ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಎಂದು ಅವನಿಗೆ ಚಿಕ್ಕಂದಿನಲ್ಲಿ ಕಲಿಸಿದವರೂ ಅತ್ತೆಯೇ. ಅದು ಬರೀ ರೂಢಿಯ ಮಾತು ಎಂದು ಅವಳು ಹೇಳಲಿಲ್ಲ. ಈ ಮುದುಕಿಯ ಕೈಯಲ್ಲಿ ಉಳಿದಿರುವ ಒಂದು ಹುಲ್ಲುಕಡ್ಡಿ... ಅದನ್ನೂ ಕಿತ್ತುಕೊಳ್ಳಲೇ?

ಅತ್ತೆ ಪರದೆಯ ಹತ್ತಿರ ಹೋಗಿ ನಿಂತರು. ಕೈ ಎತ್ತಿದ ಮಗ ಅಲ್ಲೇ ನಿಂತಿದ್ದ. ಕೊನೆಗೆ ಅವರೇ ಕೇಳಿದರು, ಬೇರೆ ಯಾರದೋ ಧ್ವನಿಯಲ್ಲಿ:

"ಆ ಹಾಡು... ನಿನ್ನ ಹತ್ರ ಇದೆಯಾ?"

"ಅತ್ತೆ, ಬೇಡ. ಇವತ್ತು ಬೇಡ. ನನ್ನ ಮಾತು ಕೇಳಿ..."

"ಹಾಕು ಅಂದೆ. ನನ್ನ ಮಗನಿಗೆ ಅವರು ಅದೇನು ಬರೆದಿದ್ದಾರೋ ಕೇಳ್ತೀನಿ."

ಅವಳು ಕೀಲಿಯೊತ್ತಿದಳು. ಮೊದಲು ಪಿಯಾನೋದ ಒಂದೇ ಸ್ವರ. ಅದರ ಹಿಂದೆಯೇ ಮೇಷ್ಟ್ರ ಒಡೆದ ಕಂಠ. ಪರದೆಯ ಮೇಲೆ ಮಗ ತಿರುಗಿ ನೋಡಿದ. ಕೈ ಬೀಸಿದ. ಈಗಷ್ಟೇ ಭಾಷೆ ಕೊಟ್ಟು ಹೊರಟವನಂತಿದ್ದ ಮಗ, ಆ ಹಾಡಿನೊಳಗೆ, ಹೆತ್ತವಳ ಕಣ್ಣೆದುರಿಗೇ ಅಪ್ಪಣೆ ಕೇಳುತ್ತಿದ್ದ. *ದಡ ಕಾಣದವರಿಗೆ ದಡವಾಗು...* ಅವನು ಹುಟ್ಟು ಒಳಗೆಳೆದುಕೊಂಡ. ನಿಧಾನವಾಗಿ, ನಿದ್ದೆಗೆ ಹೋಗುವ ಮಗುವಿನ ಹಾಗೆ, ದೋಣಿಯೊಳಗೆ ಮಲಗಿದ. ಈಗ ಬರೀ ದೋಣಿ. ಬರೀ ನೀರು. ಗುನುಗು ಏರುತ್ತ ಏರುತ್ತ ಹೋದಂತೆ ದೋಣಿ ಚಿಕ್ಕದಾಗುತ್ತ ಹೋಯಿತು. ಚೌಕಟ್ಟಿನ ಅಂಚಿಗೆ ಹೋಗಿ, ಅರ್ಧ ಉಳಿದು, ಕಾಲು ಉಳಿದು... ಇಲ್ಲವಾಯಿತು.

ಹಾಡು ನಿಂತಿತು. ಅತ್ತೆ ಗೋಡೆಯ ಗಡಿಯಾರದ ಕಡೆ ತಲೆ ಎತ್ತಿ ನೋಡಿದರು. ಮೂವತ್ತು ವರ್ಷ ವಾರ್ಡಿನಲ್ಲಿ ಹಾಸಿಗೆಯ ಪಕ್ಕ ನಿಂತು ಹೇಳಿದ ಅದೇ ಧ್ವನಿಯಲ್ಲಿ, ಸಾವಿನ ಹೊತ್ತು ಬರೆದುಕೊಳ್ಳುವವರಿಗೆ ಕೇಳಲೆಂಬಂತೆ, ಹೇಳಿದರು:

"ನಾಲ್ಕು ಗಂಟೆ... ಹತ್ತು ನಿಮಿಷ."

ಆಮೇಲೆ ನೆಲದ ಮೇಲೆ ಕೂತುಬಿಟ್ಟರು. ಎಂಟು ತಿಂಗಳು ಕಟ್ಟಿಟ್ಟದ್ದು ಒಮ್ಮೆಲೇ ಒಡೆಯಿತು! "ಅಯ್ಯೋ ನನ್ನ ಕಂದಾ... ನನ್ನ ಬಂಗಾರಾ... ಒಬ್ಬನೇ ಹೋದ್ಯಲ್ಲೋ... ನೀರು ತಣ್ಣಗಿತ್ತೇನೋ ಮಗನೇ..." ಸೊಸೆ ನೆಲಕ್ಕೆ ಕೂತು ಅವರನ್ನು ತಬ್ಬಿಕೊಂಡಳು. ಅತ್ತೆ ಕೊಸರಿಕೊಳ್ಳಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ಆ ತೋಳುಗಳು ಅವಳನ್ನು ಬಿಗಿಯಾಗಿ ಹಿಡಿದವು. ಆ ಹಿಡಿತವನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ತಾನು ಇದಕ್ಕೆ ಯೋಗ್ಯಳಲ್ಲ!

"ಅತ್ತೆ... ನಾನೇ ಕಳಿಸಿದ್ದು."

"ಏನು?"

"ಆ ಭಾನುವಾರ. ಹಗ್ಗ ಕಾಣುತ್ತೆ, ಬಿಚ್ಚಿದ ದೋಣಿ ಬೇಕು ಅಂತ ನಾನೇ ಅಂದಿದ್ದು. ಅವರಾಗಿ ಹೋಗಲಿಲ್ಲ. ನನ್ನ ಒಂದು ಶಾಟ್‌ಗೋಸ್ಕರ... ನಾನೇ ಅತ್ತೆ... ನಾನೇ!"

ಅಳು ನಿಂತಿತು. ತೋಳು ಸಡಿಲವಾಯಿತು. ಅತ್ತೆ ಅವಳ ಮುಖವನ್ನೇ ನೋಡಿದರು. ಕೆನ್ನೆಗೆ ಬಿದ್ದ ಏಟಿನ ಸದ್ದು ಆ ಮುಚ್ಚಿದ ಕೋಣೆಯಲ್ಲಿ ದೊಡ್ಡದಾಗಿ ಕೇಳಿತು. ಅವಳು ಕೈ ಅಡ್ಡ ತರಲಿಲ್ಲ, ಇನ್ನೊಂದಕ್ಕೆ ಕಾದಳು. ಇನ್ನೊಂದು ಬೀಳಲಿಲ್ಲ. ಅತ್ತೆ ಗೋಡೆ ಹಿಡಿದು ಎದ್ದು, ಸೆರಗು ಸರಿಮಾಡಿಕೊಂಡು ಹೊರಟುಹೋದರು.

ಅಂದೇ ಅವಳು ಎರಡು ಜೊತೆ ಬಟ್ಟೆ ತುಂಬಿಕೊಂಡು ಮನೆ ಬಿಟ್ಟಳು. ಮೇಷ್ಟ್ರ ಕಾಲು ಮುಟ್ಟಿ, ಮಾಡಿದ್ದನ್ನು ಅವರಿಗೂ ಹೇಳಿದಳು. ಅವರು, "ಒಳ್ಳೇ ಶಾಟ್ ಬೇಕು ಅಂತ ಕೇಳೋದು ನಿನ್ನ ಕೆಲಸ. ತೆಗೀದೆ ಇರೋದು ಅವನ ಕೈಲಿ ಆಗ್ತಿರಲಿಲ್ಲ. ಹಾಗಿದ್ರಿ ನೀವಿಬ್ಬರೂ," ಎಂದಷ್ಟೇ ಅಂದರು. ಅವಳನ್ನು ತಡೆಯುವ ಶಕ್ತಿ ಅವರಲ್ಲೂ ಇರಲಿಲ್ಲ. ಕೆಲಸದ ಕಟ್ಟಡದ ಮೇಲಿನ ಅಂತಸ್ತಿನ ಒಂದು ಚಿಕ್ಕ ಕೋಣೆಯಲ್ಲಿ ಅವಳು ಏಳು ದಿನ ಕಳೆದಳು. ಉಂಡಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಚಿತ್ರ ಮುಗಿದ ಮೇಲೆ ಏನು, ಎಲ್ಲಿ... ಯೋಚಿಸಿದರೆ ಎದುರಿಗೆ ಬರೀ ಗೋಡೆ.

ಧ್ವನಿಮುದ್ರಣದ ದಿನ ಬಂತು. ದೊಡ್ಡ ಹಾಲಿನಲ್ಲಿ ಮೂವತ್ತು ಗಾಯಕರು ಹಾಳೆ ಹಿಡಿದು ನಿಂತರು. ಎಲ್ಲರೂ ಮೇಷ್ಟ್ರ ಹಳೆಯ ಶಿಷ್ಯರೇ. ಚಿತ್ರ ನೋಡುತ್ತಲೇ ಹಾಡಬೇಕೆಂದು ಎದುರಿನ ಗೋಡೆಗೆ ಪರದೆ ಇಳಿಬಿಟ್ಟಿದ್ದರು. ಮೇಷ್ಟ್ರು ಬಂದರು, ಅವರ ತೋಳು ಹಿಡಿದುಕೊಂಡು ಅತ್ತೆಯೂ ಬಂದರು. ಸೊಸೆ ಗಾಜಿನ ಹಿಂದಿನ ಕೋಣೆಯಲ್ಲಿ ತಲೆ ತಗ್ಗಿಸಿದಳು. ಆದರೆ ಅತ್ತೆ ನೆಟ್ಟಗೆ ಅಲ್ಲಿಗೇ ಬಂದರು. ಅಳತೆಯಿಟ್ಟು ಮಾತಾಡುವ ಅದೇ ನರ್ಸಮ್ಮ. ಕಣ್ಣು ಮಾತ್ರ ಊದಿ ಕೆಂಪಗಿತ್ತು.

"ಹಾಡು ಎಲ್ಲಿ ಶುರುವಾಗಬೇಕು ಅಂತ ನೀನು ತೀರ್ಮಾನ ಮಾಡ್ತೀಯಂತೆ. ಹೌದಾ?"

"ಹೂಂ, ಅತ್ತೆ."

"ಅವನು ಮಾತಾಡೋವಾಗ ಬೇಡ. ಅವನು ಮಲಗಿದ ಮೇಲೆ ಶುರು ಮಾಡು. ಆ ಮಾತೊಂದು..." ಅವರು ತುಟಿ ಕಚ್ಚಿದರು. "ಆ ಮಾತೊಂದು ನನಗಿರಲಿ."

ಅವಳು ತಲೆಯಾಡಿಸಿ, ಹಾಡು ಶುರುವಾಗುವ ಗುರುತನ್ನು ನಲವತ್ತು ಸೆಕೆಂಡು ಮುಂದಕ್ಕೆ ಸರಿಸಿದಳು.

ಪರದೆ ಬೆಳಗಿತು. ಅವನು ತಿರುಗಿದ, ಕೈ ಬೀಸಿದ, ನಕ್ಕ, ಆ ಮಾತಂದ. ಹಾಲಿನಲ್ಲಿ ಉಸಿರಿನ ಸದ್ದೂ ಇಲ್ಲ. ಪರದೆಯ ಮೇಲೆ ಬರೀ ನೀರಿನ ಮಿನುಗು. ಮನೆಯ ಮಗ ಬದುಕಿದ್ದ. ಅವನು ಮಲಗಿದ. ಆಗ ಮೇಷ್ಟ್ರ ಕೈ ಮೇಲೆದ್ದಿತು, ಮೂವತ್ತು ಕಂಠಗಳು ಒಂದಾಗಿ, ಮೆಲ್ಲಗೆ, ಆ ದೋಣಿಯ ಕೆಳಗೆ ಕೈಯಿಟ್ಟು ಎತ್ತಿದ ಹಾಗೆ ಹಾಡಿದವು. ಹಾಡುತ್ತಲೇ ಹೆಂಗಸರ ಸಾಲಿನಲ್ಲಿ ಒಬ್ಬಿಬ್ಬರ ಕೆನ್ನೆ ಒದ್ದೆಯಾಯಿತು. ಮೇಷ್ಟ್ರ ಬಲಗೈ ನಡುಗಿದರೂ ಎಡಗೈ ಅದನ್ನು ಹಿಡಿದುಕೊಂಡು ತಾಳ ಬಿಡಲಿಲ್ಲ. ದೋಣಿ ಮರೆಯಾದ ಮೇಲೂ ಬರೀ ನೀರಿನ ಮೇಲೆ ಹಾಡು ಬಹಳ ಹೊತ್ತು ನಡೆಯಿತು. ಮುಗಿದಾಗ ಯಾರೂ ಹಾಳೆ ಮಡಚಲಿಲ್ಲ. ಒಂದೇ ಸಲಕ್ಕೆ ಆಯಿತು. ಇನ್ನೊಮ್ಮೆ ಹಾಡಿ ಎಂದು ಕೇಳುವ ಧೈರ್ಯ ನಿರ್ದೇಶಕರಿಗೂ ಇರಲಿಲ್ಲ.

ಎಲ್ಲರೂ ಹೊರಗೆ ಹೋದ ಮೇಲೆ ಅತ್ತೆ ಅವಳ ಪಕ್ಕ ಬಂದು ಕೂತರು.

"ನಿನ್ನನ್ನ ಕ್ಷಮಿಸೋಕೆ ನನ್ನ ಕೈಲಾಗಲ್ಲ. ಸುಳ್ಳು ಹೇಳಲ್ಲ," ಎಂದರು. "ಏಳು ದಿನದಿಂದ ಪ್ರಯತ್ನಪಟ್ಟೆ. ಆಗಲಿಲ್ಲ. ಮುಂದೆ ಆಗುತ್ತೋ ಇಲ್ವೋ, ಅದೂ ಗೊತ್ತಿಲ್ಲ."

"ಗೊತ್ತು ಅತ್ತೆ. ನಾನು ಕೇಳೋದೂ ಇಲ್ಲ. ನಾಳೆ ಬಂದು ನನ್ನ ಉಳಿದ ಸಾಮಾನು..."

"ಮುಗಿಸೋಕೆ ಬಿಡು ನನ್ನ." ಅತ್ತೆಯ ಧ್ವನಿ ಗಡುಸಾಯಿತು. "ಅವನು ನಿದ್ದೇಲಿ ಹಲ್ಲು ಕಡೀತಿದ್ದದ್ದು ನನಗೆ ಗೊತ್ತು, ನಿನಗೆ ಗೊತ್ತು. ಬೇರೆ ಯಾರಿಗೆ ಗೊತ್ತು? ಇವರಿಗಾದ್ರೆ ಒಂದು ಹಾಡು ಇದೆ. ನನಗೆ ಏನಿದೆ? ನೀನೂ ಹೋದ್ರೆ ಅವನ ವಿಷಯ ನಾನು ಯಾರ ಹತ್ರ ಮಾತಾಡ್ಲಿ? ಹೇಳು... ಯಾರ ಹತ್ರ ಮಾತಾಡ್ಲಿ!"

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ತಬ್ಬಿಕೊಳ್ಳಲಿಲ್ಲ, ಕಣ್ಣೊರೆಸಲೂ ಇಲ್ಲ. ಪಕ್ಕದಲ್ಲಿ ಕೂತೇ ಇದ್ದರು, ಅವಳ ಅಳು ಮುಗಿಯುವ ತನಕ.

ಸಂಜೆಯ ಬಸ್ಸಿನಲ್ಲಿ ಜನ ತುಂಬಿದ್ದರು. ಹಿಂದಿನ ಸೀಟಿನಲ್ಲಿ ಮೂವರೂ ಒತ್ತೊತ್ತಿಕೊಂಡು ಕೂತರು. ಮೇಷ್ಟ್ರು ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದರು. ಅಂಗಡಿಗಳು, ಶಾಲೆ ಬಿಟ್ಟು ಬರುವ ಮಕ್ಕಳು, ಸಿಗ್ನಲ್ಲಿನಲ್ಲಿ ನಿಂತ ಗಾಡಿಗಳು, ಎಲ್ಲ ಹಿಂದೆ ಹಿಂದೆ ಸರಿದವು. ಏಳು ದಿನದ ನಿದ್ದೆ ಎಲ್ಲಿತ್ತೋ, ಅವಳಿಗೆ ಕೂತಲ್ಲೇ ಜೊಂಪು ಹತ್ತಿತು. ತಲೆ ಜಾರಿ ಜಾರಿ ಅತ್ತೆಯ ಹೆಗಲಿಗೆ ತಗುಲಿತು. ಹೆಗಲು ಸರಿಯಲಿಲ್ಲ.

ಬಸ್ಸು ನಿಂತಾಗ ಯಾರೋ ಅವಳ ಮೊಣಕೈ ಅಲುಗಿಸಿದರು.

"ಏಳಮ್ಮಾ," ಎಂದರು ಅತ್ತೆ. "ನಮ್ಮ ಸ್ಟಾಪ್ ಬಂತು."